ಕೂಲಿ ಕೇಳುವ ಹೊತ್ತು

ಶ್ರಾವಣದ ಒಂದು ಸಂಜೆ, ಗೊರೂರಿನ ಅಣೆಕಟ್ಟೆಯಿಂದ ಬಿಟ್ಟ ನೀರು ಹೇಮಾವತಿಯ ಎರಡು ದಡಗಳನ್ನೂ ಮುಟ್ಟಿ ಹರಿಯುತ್ತಿದ್ದ ದಿನಗಳಲ್ಲಿ, ಹೊಳೆನರಸೀಪುರದ ಪೇಟೆಬೀದಿಯ ಹಳೆಯ ಫೋಟೊ ಸ್ಟುಡಿಯೊ ಒಂದರ ಮಹಡಿಯ ಮೇಲೆ ಈ ಸಂಭಾಷಣೆ ನಡೆಯಿತು. ಮಾತನಾಡಿದವರಲ್ಲಿ ಹಿರಿಯರು ನಾಲ್ವತ್ತು ವರ್ಷಕಾಲ ಆ ಸ್ಟುಡಿಯೊವನ್ನು ನಡೆಸಿ, ತಾಲ್ಲೂಕಿನ ಮದುವೆ ಮುಂಜಿಗಳಿಗೆಲ್ಲ ಸಾಕ್ಷಿಯಾಗಿದ್ದು, ಈಗ ವಿಶ್ರಾಂತರಾಗಿರತಕ್ಕವರು. ಕಿರಿಯಳು ಅವರ ತಮ್ಮನ ಮಗಳು, ಹಾಸನದಲ್ಲಿ ಬಿಡಾರ ಮಾಡಿಕೊಂಡು, ಯಾರ ಸಂಬಳಕ್ಕೂ ಒಳಪಡದೆ, ಸ್ವತಂತ್ರವಾಗಿ ವಿಡಿಯೊ ಚಿತ್ರಗಳನ್ನು ನಿರ್ಮಿಸಿಕೊಟ್ಟು ಜೀವಿಸುತ್ತಿರುವವಳು. ಒಂದು ಹಗಲಿನಲ್ಲಿ ಮುಗಿಯುವ ಕೆಲಸ ಆಕೆಯದಲ್ಲ. ಒಂದೊಂದು ಚಿತ್ರವೂ ತಿಂಗಳುಗಳನ್ನು, ಕೆಲವು ವೇಳೆ ವರ್ಷವನ್ನೇ ನುಂಗುತ್ತದೆ. ಆಕೆಯ ಸಂಕಟವೂ ಅಲ್ಲಿಂದಲೇ ಹುಟ್ಟಿದ್ದು.

ಕಿರಿಯಳು: ದೊಡ್ಡಪ್ಪ, ಅರಕಲಗೂಡಿನ ಕಡೆಯ ಒಂದು ವಿದ್ಯಾಸಂಸ್ಥೆಯವರು ಹೋದ ವರ್ಷ ಜೂನ್ ತಿಂಗಳಲ್ಲಿ ನನ್ನನ್ನು ಕರೆಸಿ, ತಮ್ಮ ಐವತ್ತು ವರ್ಷಗಳ ಇತಿಹಾಸವನ್ನು ಕುರಿತು ಒಂದು ಚಿತ್ರ ಮಾಡಿಕೊಡಬೇಕೆಂದರು. 1,80,000 ರೂಪಾಯಿಗೆ ಮಾತಾಯಿತು. 40,000 ಮುಂಗಡ ಕೊಟ್ಟು, ಉಳಿದದ್ದನ್ನು ಕೆಲಸ ಮುಗಿದ ಮೇಲೆ ಕೊಡುವುದಾಗಿ ಹೇಳಿದರು. ಹದಿನಾರು ದಿನ ಚಿತ್ರೀಕರಣವೆಂದು ಎಣಿಸಿದ್ದು ಇಪ್ಪತ್ತಮೂರು ದಿನವಾಯಿತು. ಮೂರನೆಯ ಸಲ ಎಡಿಟ್ ಮಾಡಿ ತಿದ್ದಿದ ಪ್ರತಿಯನ್ನು ಈ ಯುಗಾದಿಗೆ ಹಿಂದಿನ ವಾರವೇ ಕಳುಹಿಸಿದ್ದೇನೆ. ಅಂದಿನಿಂದ, ಮಂತ್ರಿಗಳ ದಿನಾಂಕ ಸಿಕ್ಕಲಿ, ಅವರ ಕೈಯಲ್ಲೇ ಬಿಡುಗಡೆ ಮಾಡಿಸೋಣ ಎಂಬ ಉತ್ತರವೊಂದೇ ಬರುತ್ತಿದೆ. ಡ್ರೋನ್ ಬಾಡಿಗೆಗೆ, ಹಾರ್ಡ್ ಡಿಸ್ಕಿಗೆ, ಜೊತೆಗೆ ಬಂದ ಹುಡುಗರಿಗೆ ನಾನು ಕೈಯಿಂದ ಕೊಟ್ಟ ಹಣವೇ ಮುಂಗಡವನ್ನು ಎಂದೋ ಮೀರಿಹೋಯಿತು.

ಹಿರಿಯರು: ನೀನು ಬಿಲ್ಲು ಕೊಟ್ಟದ್ದು ಯಾವಾಗ?

ಕಿರಿಯಳು: ಇನ್ನೂ ಕೊಟ್ಟಿಲ್ಲ. ಮುಗಿದ ಮೇಲೆ ಎಂದು ಮಾತಾಗಿತ್ತು; ಮುಗಿದಿಲ್ಲವಲ್ಲ.

ಹಿರಿಯರು: ಮುಗಿಯಿತೆಂದು ಹೇಳತಕ್ಕವರು ಯಾರು, ಮಗಳೆ? ಅದನ್ನು ಮೊದಲು ಯೋಚಿಸು. ಚಿತ್ರವನ್ನು ಮಾಡಿದವಳು ನೀನು. ಅದರ ಕೊನೆಯನ್ನು ಸಾರುವ ಅಧಿಕಾರ ಮಾತ್ರ ಅವರದು. ಅವರಿಗೂ ಅದು ಪೂರ್ತಿಯಾಗಿ ಸೇರಿದ್ದಲ್ಲ, ಬೆಂಗಳೂರಿನಲ್ಲಿ ಕುಳಿತು ಮಂತ್ರಿಗಳ ದಿನಚರಿಯನ್ನು ಬರೆಯುವ ಯಾವನೋ ಒಬ್ಬನದು. ನಿನ್ನ ಮನೆಯ ಅಕ್ಕಿಬೇಳೆಯನ್ನು ಆ ದಿನಚರಿಯ ಕೊಕ್ಕೆಗೆ ನೇತುಹಾಕಿ ಬಂದಿದ್ದೀಯೆ.

ಕಿರಿಯಳು: ಆದರೆ ಎಲ್ಲ ಕೆಲಸಕ್ಕೂ ಒಂದು ಘಟ್ಟ ಬೇಡವೇ? ಆ ಘಟ್ಟಕ್ಕೆ ಹಣವನ್ನು ಕಟ್ಟುವುದು ನ್ಯಾಯವೆಂದೇ ನಾನು ತಿಳಿದಿದ್ದೆ.

ಹಿರಿಯರು: ಘಟ್ಟ ಬೇಕು, ಯಾರ ವಶದಲ್ಲಿರುವ ಘಟ್ಟ ಎಂಬುದೇ ಪ್ರಶ್ನೆ. ನಾನು 1981ರಲ್ಲಿ, ಇನ್ನೂ ಮೀಸೆ ಸರಿಯಾಗಿ ಮೂಡದಿದ್ದ ವಯಸ್ಸಿನಲ್ಲಿ, ಎರವಲು ತಂದ ಕ್ಯಾಮೆರಾ ಹಿಡಿದು ಶ್ರವಣಬೆಳಗೊಳಕ್ಕೆ ಹೋಗಿದ್ದೆ. ಗೊಮ್ಮಟನನ್ನು ನಿಲ್ಲಿಸಿ ಸಾವಿರ ವರ್ಷ ತುಂಬಿದ ಮಹಾಮಸ್ತಕಾಭಿಷೇಕವದು. ಹನ್ನೆರಡು ವರ್ಷಕ್ಕೊಮ್ಮೆ ಎಂದು ನಾವೆಲ್ಲ ವಾಡಿಕೆಯಾಗಿ ಹೇಳುತ್ತೇವಷ್ಟೆ, ಎಣಿಸಿ ನೋಡು. ಅದಕ್ಕೆ ಹಿಂದಿನದು 1967ರಲ್ಲಿ, ಎಂದರೆ ಹದಿನಾಲ್ಕು ವರ್ಷದ ಅಂತರ. ಆಮೇಲಿನದು 1993ರಲ್ಲಿ, ಅದರ ಮುಂದಿನದು 2006ರಲ್ಲಿ, ಅನಂತರ 2018ರಲ್ಲಿ. ಹದಿನಾಲ್ಕು, ಹನ್ನೆರಡು, ಹದಿಮೂರು, ಹನ್ನೆರಡು. ಇಡೀ ಸಮಾಜವೂ ಸರ್ಕಾರವೂ ಸೇರಿ ನಡೆಸುವ ಮಹೋತ್ಸವವೇ ತನ್ನ ಎಣಿಕೆಯಿಂದ ಹಿಂದುಮುಂದಾಗುವಾಗ, ಒಂದು ಶಾಲೆಯ ಸಭಾಂಗಣದ ಬಿಡುಗಡೆ ಸಮಾರಂಭ ನಿನ್ನ ಮನೆಬಾಡಿಗೆಯ ತಾರೀಖಿಗೆ ಸರಿಯಾಗಿ ಬರಲೆಂದು ಹೇಗೆ ನಂಬಿದೆ?

ಕಿರಿಯಳು: ನಂಬಿದೆನೆಂದಲ್ಲ. ಕೇಳಲಾರದೆ ಹೋದೆ. ಚಿತ್ರೀಕರಣಕ್ಕೆ ಹೋದ ಇಪ್ಪತ್ತಮೂರು ದಿನವೂ ಅಲ್ಲಿಯ ಮುಖ್ಯೋಪಾಧ್ಯಾಯರ ಮನೆಯಲ್ಲೇ ನನಗೆ ಊಟ. ಅವರ ತಾಯಿ ನನ್ನನ್ನು ಮನೆಯ ಮಗಳಂತೆ ಕಂಡು, ಹೊರಡುವಾಗ ಅರಿಸಿನ ಕುಂಕುಮ ಕೊಟ್ಟು ಕಳುಹಿಸುತ್ತಿದ್ದರು. ಆ ಎಲೆಯಲ್ಲಿ ಉಂಡು, ಕೈ ತೊಳೆದು, ಚೀಲದಿಂದ ಬಿಲ್ಲು ತೆಗೆದು ಮುಂದಿಡುವುದು ಹೇಗೆ?

ಹಿರಿಯರು: ದಾಕ್ಷಿಣ್ಯ. ಅದನ್ನು ನಾನು ಹಗುರವಾಗಿ ಕಾಣಲಾರೆ. ನಮ್ಮ ಸೀಮೆಯ ಜನ ಒಬ್ಬರೊಡನೊಬ್ಬರು ಇಷ್ಟು ಕಾಲ ಬಾಳಿಕೊಂಡು ಬಂದಿರುವುದೇ ಅದರಿಂದ. ಆದರೆ ಅದು ಮಾಡುವ ಹಾನಿಯನ್ನೂ ಕಂಡವನು ನಾನು. ಆ ಕಬಾಟಿನ ಕೆಳಗಿನ ಅರೆಯನ್ನು ತೆರೆದು ನೋಡು.

ಕಿರಿಯಳು: ಆಲ್ಬಮ್ಮುಗಳು. ಬಟ್ಟೆಯಲ್ಲಿ ಸುತ್ತಿಟ್ಟಿದ್ದೀರಿ.

ಹಿರಿಯರು: ಹನ್ನೊಂದಿವೆ. ಹನ್ನೆರಡು ಇದ್ದುವು, ಹನ್ನೆರಡನೆಯದರ ಕಥೆ ಹೇಳುತ್ತೇನೆ, ಕೇಳು. ನಾನು ಅಂಗಡಿಯಿಟ್ಟ ಮೊದಲ ವರ್ಷಗಳಲ್ಲಿ, ಆಲ್ಬಮ್ ಕೈಗೆ ಬಂದ ದಿನ ಹಣ ಕೊಟ್ಟರೆ ಸಾಕು ಎನ್ನುವುದೇ ದೊಡ್ಡತನವೆಂದು ಭಾವಿಸಿದ್ದೆ. ಇಲ್ಲಿಗೆ ಎರಡು ಹರದಾರಿ ದೂರದ ಹಳ್ಳಿಯ ಒಬ್ಬ ರೈತರು, ನನಗೆ ತುಂಬ ಬೇಕಾದವರು, ಮಗಳ ಮದುವೆಗೆ ನನ್ನನ್ನು ಕರೆದರು. 1,200 ರೂಪಾಯಿಗೆ ಮಾತು. ಆ ವರ್ಷ ಮಳೆ ಹಿಡಿದುಕೊಂಡು ಆಲೂಗಡ್ಡೆಗೆ ಅಂಗಮಾರಿ ಬಿದ್ದು, ನೆಲದೊಳಗಿನ ಗೆಡ್ಡೆಯೆಲ್ಲ ಕೊಳೆತುಹೋಯಿತು. ಅವರು ಆಲ್ಬಮ್ಮಿಗೆ ಬರಲಿಲ್ಲ. ನಾನು ದಾಕ್ಷಿಣ್ಯದಿಂದ ಕೇಳಲಿಲ್ಲ, ಕೇಳದಿರುವುದೇ ಉಪಕಾರವೆಂದುಕೊಂಡೆ. ಆರು ವರ್ಷ ಕಳೆಯಿತು. ಒಂದು ದಿನ ಬೆಳಗ್ಗೆ ಅವರ ಮಗ ಬಂದು ಮೆಟ್ಟಲಿನ ಮೇಲೆಯೇ ನಿಂತು, ಅಪ್ಪ ತೀರಿಕೊಂಡರು, ಮನೆಯಲ್ಲಿ ಇಡುವುದಕ್ಕೆ ಅವರದೊಂದು ಪಟವೂ ಇಲ್ಲ, ಅಕ್ಕನ ಮದುವೆಯಲ್ಲಿ ತೆಗೆದದ್ದು ಏನಾದರೂ ಉಳಿದಿದೆಯೇ ಎಂದು ಕೇಳಿದ. ಆಲ್ಬಮ್ ತೆಗೆದುಕೊಟ್ಟೆ. ಅವನು ಅಳುತ್ತಾ ಹೇಳಿದ ಮಾತು ಇದು: ಆರು ವರ್ಷ ಅಪ್ಪ ಈ ಬೀದಿಯಲ್ಲಿ ನಡೆಯಲಿಲ್ಲ, ಸಂತೆಗೆ ಬಂದರೂ ಹಿಂದಿನ ಓಣಿಯಿಂದ ಸುತ್ತಿಕೊಂಡು ಹೋಗುತ್ತಿದ್ದರು. ಅಷ್ಟು ಒಳ್ಳೆಯ ಮನುಷ್ಯರು ಆರು ವರ್ಷ ನನ್ನ ಮುಖ ತಪ್ಪಿಸಿಕೊಂಡು ತಿರುಗಿದರು. ನಾನು ಮಾತ್ರ ಉಪಕಾರ ಮಾಡಿದೆನೆಂಬ ತೃಪ್ತಿಯಲ್ಲಿ ಮೇಲೆ ಕುಳಿತಿದ್ದೆ. ಫಿಲ್ಮ್ ರೋಲು ಕೊಳ್ಳುವಾಗ 400, ಧಾರೆಯ ದಿನ 400, ಆಲ್ಬಮ್ಮಿಗೆ 400 ಎಂದು ಕೇಳಿದ್ದರೆ, ಮದುವೆಯ ಸಂಭ್ರಮದಲ್ಲಿ, ಕೈಯಲ್ಲಿ ಹಣವಿದ್ದಾಗ, ಮೊದಲಿನ ಎರಡನ್ನು ಅವರು ನಗುನಗುತ್ತಾ ಕೊಡುತ್ತಿದ್ದರು. ಉಳಿದ ನಾನೂರನ್ನು ನಾನು ಬಿಟ್ಟುಬಿಡುತ್ತಿದ್ದೆ, ಅವರೂ ಬೀದಿಯಲ್ಲಿ ನಿಂತು ಮಾತನಾಡಿಸುತ್ತಿದ್ದರು.

ಕಿರಿಯಳು: ಉಳಿದ ಹನ್ನೊಂದೂ ಹೀಗೆಯೇ?

ಹಿರಿಯರು: ಒಂದೊಂದರದು ಒಂದೊಂದು ಕಾರಣ. ಆ ಘಟನೆಯಾದ ಮೇಲೆ ನಾನು ಧಾರೆಯ ದಿನವೇ ಹಣವನ್ನು ಕೇಳತೊಡಗಿದೆ. ಅಲ್ಲಿಂದೀಚೆಗೆ ಆ ಅರೆಗೆ ಒಂದು ಆಲ್ಬಮ್ಮೂ ಹೊಸದಾಗಿ ಸೇರಲಿಲ್ಲ.

ಕಿರಿಯಳು: ಮದುವೆಗೆ ಧಾರೆಯಿದೆ, ದೊಡ್ಡಪ್ಪ, ಮುಹೂರ್ತವನ್ನು ಯಾರೂ ಮುಂದಕ್ಕೆ ಹಾಕುವುದಿಲ್ಲ. ನನ್ನ ಚಿತ್ರಗಳಿಗೆ ಅಂಥ ಗಳಿಗೆಯಿಲ್ಲ.

ಹಿರಿಯರು: ಮನೆ ಕಟ್ಟುವುದಕ್ಕೂ ಇಲ್ಲ, ಆದರೂ ಮೇಸ್ತ್ರಿ ಪಾಯಕ್ಕೆ ಇಷ್ಟು, ಲಿಂಟಲಿಗೆ ಇಷ್ಟು, ತಾರಸಿಗೆ ಇಷ್ಟು ಎಂದು ತೆಗೆದುಕೊಳ್ಳುವುದಿಲ್ಲವೇ? ಗೃಹಪ್ರವೇಶದ ದಿನ ಕೊಡುತ್ತೇನೆಂದರೆ ಯಾವ ಮೇಸ್ತ್ರಿ ಕರಣೆ ಹಿಡಿದಾನು? ಸರ್ಕಾರದ ವಸತಿ ನಿಗಮವೇ ಬಡವರ ಮನೆಗೆ ಕೊಡುವ ಸಹಾಯಧನವನ್ನು ತಳಪಾಯ, ಲಿಂಟಲ್, ಛಾವಣಿ, ಪೂರ್ಣ ಎಂಬ ಹಂತಗಳಲ್ಲಿ, ಪ್ರತಿಯೊಂದು ಹಂತಕ್ಕೂ ಅಲ್ಲಿಯೇ ತೆಗೆದ ಫೋಟೊವನ್ನು ನೋಡಿ ಬಿಡುಗಡೆ ಮಾಡುತ್ತದೆ. ಮನೆಯ ಮುಂದೆ ನಿಂತು ಆ ಫೋಟೊ ತೆಗೆಸಿಕೊಳ್ಳುವಾಗ ಯಾರಿಗೂ ಸಂಕೋಚವಿಲ್ಲ. ಹಾಲಿನ ಸೊಸೈಟಿಯಲ್ಲಿ ಬಟವಾಡೆಯ ದಿನ ಕ್ಯಾನು ಹಿಡಿದು ಬಂದ ಹೆಂಗಸರು ಕಾರ್ಯದರ್ಶಿಯ ಮುಂದೆ ನಾಚಿಕೊಂಡದ್ದನ್ನು ನೋಡಿದ್ದೀಯಾ? ದಿನ ಗೊತ್ತಾಗಿರುವುದರಿಂದ ಕೇಳುವ ಪ್ರಮೇಯವೇ ಬರುವುದಿಲ್ಲ. ಕೇಳುವ ಪ್ರಮೇಯವಿಲ್ಲದ ಕಡೆ ದಾಕ್ಷಿಣ್ಯಕ್ಕೆ ಪೆಟ್ಟು ಬೀಳುವುದೂ ಇಲ್ಲ. ನಿನಗೆ ಮುಖ್ಯೋಪಾಧ್ಯಾಯರ ತಾಯಿಯ ಎದುರು ಬಾಯಿ ಬಾರದಿದ್ದುದು ನೀನು ಅತಿಯಾಗಿ ಮೃದುವಾದದ್ದರಿಂದಲ್ಲ, ಅಂದು ಕೇಳಬೇಕೆಂಬ ಮಾತು ಮೊದಲೇ ಆಗಿರಲಿಲ್ಲವಾದ್ದರಿಂದ.

ಕಿರಿಯಳು: ಲಿಂಟಲನ್ನು ಕಣ್ಣಿಂದ ನೋಡಬಹುದು. ರಫ್ ಕಟ್ ಒಪ್ಪಿಗೆಯಾಯಿತೋ ಇಲ್ಲವೋ ಎಂಬುದು ಅವರ ಬಾಯಿಂದಲೇ ಬರಬೇಕಲ್ಲ. ಅಧ್ಯಕ್ಷರು ಒಪ್ಪಿದರೆ ಕಾರ್ಯದರ್ಶಿಗಳು ಒಪ್ಪುವುದಿಲ್ಲ. ಆಡಳಿತ ಮಂಡಳಿ ಬದಲಾಯಿತೆಂದರೆ ಹಳೆಯ ಅಧ್ಯಕ್ಷರ ಮಾತನ್ನೇ ತೆಗೆದುಹಾಕಬೇಕೆನ್ನುತ್ತಾರೆ.

ಹಿರಿಯರು: ಹಾಗಾದರೆ ಒಪ್ಪಿದ ದಿನಕ್ಕೆ ಕಟ್ಟಬೇಡ, ಕಳುಹಿಸಿದ ದಿನಕ್ಕೆ ಕಟ್ಟು. ಕಳುಹಿಸುವುದು ನಿನ್ನ ಕೈಯಲ್ಲಿದೆ. ಚಿತ್ರೀಕರಣದ ಕೊನೆಯ ದಿನವೂ ನಿನ್ನ ಕೈಯಲ್ಲಿದೆ. ಇನ್ನು ತಿಂಗಳ ಮೊದಲನೆಯ ತಾರೀಖೆಂಬುದಿದೆ. ಅದು ಯಾರ ಕೈಯಲ್ಲೂ ಇಲ್ಲ, ಸೂರ್ಯಚಂದ್ರರು ತಂದುಕೊಡುತ್ತಾರೆ.

ಕಿರಿಯಳು: ನೀವು ಹೇಳುವುದು ಕೇಳಿದರೆ, ಹಾಸನದ ಆಡಿಟರು ಹೇಳಿದ ಕಾನೂನಿನ ಮಾತು ಈಗ ಅರ್ಥವಾಗುತ್ತಿದೆ. ಸಣ್ಣ ಉದ್ದಿಮೆಗಳ 2006ರ ಕಾಯಿದೆಯಲ್ಲಿ, ಕೆಲಸವನ್ನು ಒಪ್ಪಿಸಿದ 15 ದಿನದೊಳಗೆ ಬರಹದಲ್ಲಿ ಆಕ್ಷೇಪ ಬರದಿದ್ದರೆ ಸ್ವೀಕರಿಸಿದಂತೆಯೇ ಲೆಕ್ಕವಂತೆ. ಕರಾರಿಲ್ಲದಿದ್ದರೆ ಅಲ್ಲಿಂದ 15 ದಿನದೊಳಗೆ, ಕರಾರಿದ್ದರೂ 45 ದಿನಕ್ಕೆ ಮೀರದಂತೆ ಹಣ ಕೊಡಬೇಕು. ತಪ್ಪಿದರೆ ರಿಸರ್ವ್ ಬ್ಯಾಂಕು ಪ್ರಕಟಿಸುವ ಬ್ಯಾಂಕ್ ದರದ ಮೂರರಷ್ಟು ಬಡ್ಡಿ, ಅದೂ ತಿಂಗಳು ತಿಂಗಳಿಗೆ ಚಕ್ರಬಡ್ಡಿಯಾಗಿ. ಅದಕ್ಕೆ ಉದ್ಯಮ್ ನೋಂದಣಿಯಿರಬೇಕು; ಕೆಲಸಕ್ಕೆ ಮೊದಲೇ ಮಾಡಿಸಿಕೊಂಡಿರುವುದು ಕ್ಷೇಮ. ಶುಲ್ಕವಿಲ್ಲದ ನೋಂದಣಿ, ನಾನು ಇನ್ನೂ ಮಾಡಿಸಿಲ್ಲ.

ಹಿರಿಯರು: ನಾಳೆಯೇ ಮಾಡಿಸು. ಚನ್ನರಾಯಪಟ್ಟಣದ ಕಬ್ಬಿನ ರೈತರಿಗೆ ಇಂಥ ನಿಯಮ 1966ರ ಆದೇಶದಲ್ಲಿ ಉಂಟು: ಕಬ್ಬು ಹಾಕಿದ 14 ದಿನದೊಳಗೆ ಕಾರ್ಖಾನೆ ಹಣ ಕೊಡಬೇಕು, ತಡವಾದರೆ ವರ್ಷಕ್ಕೆ ಶೇಕಡಾ 15ರ ಬಡ್ಡಿ. ಬಡ್ಡಿಗಾಗಿ ಕಾದಾಡುವವರು ಕಡಮೆ. ಆದರೆ ಗಾಡಿಯಲ್ಲಿ ತೂಕವಾದ ಕ್ಷಣದಿಂದ ದಿನ ಎಣಿಸಬಹುದೆಂಬ ಧೈರ್ಯವಿದೆಯಲ್ಲ, ಅದು ದೊಡ್ಡದು. ನೀನು ಕಳುಹಿಸಿದ ಪ್ರತಿಯೇ ನಿನ್ನ ತೂಕದ ಚೀಟಿ.

ಕಿರಿಯಳು: ಇಷ್ಟನ್ನೆಲ್ಲ ಒಪ್ಪಿದರೂ ಒಂದು ಕಡೆ ನನ್ನ ಮನಸ್ಸು ತಡೆಯುತ್ತದೆ. ನುಗ್ಗೇಹಳ್ಳಿಗೆ ಹತ್ತಿರದ ಒಂದು ಹಳ್ಳಿಯಲ್ಲಿ ದೇವಸ್ಥಾನದ ಜೀರ್ಣೋದ್ಧಾರ ನಡೆಯುತ್ತಿದೆ. ಮೊದಲ ಕಲ್ಲು ಬಿಚ್ಚಿದಂದಿನಿಂದ ಕುಂಭಾಭಿಷೇಕದವರೆಗೆ ಎಲ್ಲವನ್ನೂ ಚಿತ್ರಿಸಬೇಕೆಂದು ಊರವರು ಕೇಳಿದ್ದಾರೆ. ಎರಡು ವರ್ಷದ ಕೆಲಸ. ಹಣ ಬರುವುದೆಲ್ಲ ಚಂದಾದಿಂದ. ತೆಂಗಿನಕಾಯಿ ಇಳಿಸಿ ಕೊಬ್ಬರಿ ಮಾರಿದಾಗ ಅವರ ಕೈಯಲ್ಲಿ ಹಣ. ಉಳಿದ ತಿಂಗಳು ಹುಂಡಿಯಲ್ಲಿ ಚಿಲ್ಲರೆ. ಅಂಥವರಿಗೆ ತಿಂಗಳ ಮೊದಲನೆಯ ತಾರೀಖು ಎಂದು ಬಿಲ್ಲು ಕಳುಹಿಸುತ್ತಾ ಹೋದರೆ, ನಿಮ್ಮ ರೈತರು ಓಣಿ ಸುತ್ತಿದ ಹಾಗೆ ಇಡೀ ಊರೇ ಓಣಿ ಸುತ್ತುವಂತಾಗುವುದಿಲ್ಲವೇ?

ಹಿರಿಯರು: ಇದು ನಾನು ಯೋಚಿಸಿರದಿದ್ದ ಮಾತು. ಇನ್ನೂ ಹೇಳು.

ಕಿರಿಯಳು: ರಾಮನಾಥಪುರದ ಹೊಗೆಸೊಪ್ಪಿನ ಹರಾಜು ಮಳೆಗಾಲ ಕಳೆದು ಆರಂಭವಾದ ಮೇಲೆ ಅರಕಲಗೂಡು ಸೀಮೆಯಲ್ಲಿ ಹಣ ಓಡಾಡುತ್ತದೆ. ಹಾಸನದ ಸುತ್ತ ಆಲೂಗಡ್ಡೆ ಕಿತ್ತ ಮೇಲೆ. ಖಾಸಗಿ ಶಾಲೆಗಳಿಗೆ ಪ್ರವೇಶದ ಕಾಲದಲ್ಲಿ. ಸರ್ಕಾರಿ ಕಚೇರಿಗಳಿಗಂತೂ ಮಾರ್ಚ್ 31 ಕಳೆದರೆ ಆ ಸಾಲಿನ ಅನುದಾನವೇ ಹೋಯಿತು. ಫೆಬ್ರವರಿಯಲ್ಲೇ ಬಿಲ್ಲು ಮೇಜಿನ ಮೇಲಿರದಿದ್ದರೆ ಮತ್ತೆ ಹೊಸ ಮಂಜೂರಾತಿಗೆ ಅಲೆಯಬೇಕು. ಕೊಡುವವರ ಋತುಮಾನವನ್ನು ನೋಡದೆ ನನ್ನ ತಾರೀಖನ್ನು ಅವರ ಮೇಲೆ ಹೇರುವುದು ನ್ಯಾಯವಲ್ಲವೆಂದು ನನಗೆ ತೋರುತ್ತದೆ.

ಹಿರಿಯರು: ನ್ಯಾಯವಲ್ಲ, ನೀನೇ ಸರಿ. ಮೇಸ್ತ್ರಿಯ ಮತ್ತು ಡೈರಿಯ ಲೆಕ್ಕವನ್ನೇ ಎಲ್ಲರಿಗೂ ಹೊಂದಿಸಹೊರಟದ್ದು ನನ್ನ ತಪ್ಪು. ಹಾಗಾದರೆ ಆ ಊರವರ ಜೊತೆ ಕುಳಿತು, ನಿಮ್ಮ ಕೈಯಲ್ಲಿ ಹಣವಿರುವ ತಿಂಗಳುಗಳು ಯಾವುವು ಎಂದು ಮೊದಲೇ ಕೇಳಿ, ವರ್ಷಕ್ಕೆ ಎರಡು ದಿನಗಳನ್ನು ಗೊತ್ತುಮಾಡಿಕೊ. ಆದರೆ, ಮಗಳೆ, ದಿನಗಳನ್ನೇ ಗೊತ್ತುಮಾಡು. ಕೊಬ್ಬರಿ ಮಾರಿದ ಮೇಲೆ ಎಂದು ಬರೆಯಬೇಡ. ಇಂಥ ತಿಂಗಳ ಹದಿನೈದು ಎಂದು ಬರೆ. ಮತ್ತು ಅವರ ಕಡೆಯಿಂದಲೇ ಕೆಲಸ ಎರಡು ತಿಂಗಳು ನಿಂತುಹೋದರೆ, ಅಲ್ಲಿಯವರೆಗೆ ಆದದ್ದಕ್ಕೆ ಬಿಲ್ಲು ಕೊಡುವೆನೆಂಬ ಒಂದು ಸಾಲನ್ನೂ ಸೇರಿಸು. ದೇವಸ್ಥಾನದ ಕೆಲಸ ನಿಲ್ಲುವುದು ಹೊಸದಲ್ಲ. ಮನಸ್ತಾಪವಾಗಬಹುದು, ಸೂತಕವಾಗಬಹುದು, ಗ್ರಾಮ ಪಂಚಾಯಿತಿಯ ಚುನಾವಣೆ ಬರಬಹುದು.

ಕಿರಿಯಳು: ನುಗ್ಗೇಹಳ್ಳಿಯ ಲಕ್ಷ್ಮೀನರಸಿಂಹ ದೇವಾಲಯಕ್ಕೆ ನೀವು ನನ್ನನ್ನು ಚಿಕ್ಕವಳಿದ್ದಾಗ ಕರೆದುಕೊಂಡು ಹೋಗಿದ್ದಿರಿ. ಆಗ ತೋರಿಸಿದ ಹೆಸರುಗಳನ್ನು ನಾನು ಮೊನ್ನೆ ಮತ್ತೆ ಹೋಗಿ ಹುಡುಕಿದೆ.

ಹಿರಿಯರು: 1246ರ ಗುಡಿ. ಒಂದು ಪಾರ್ಶ್ವದ ವಿಗ್ರಹಗಳು ಮಲ್ಲಿತಮ್ಮನವು, ಮತ್ತೊಂದು ಪಾರ್ಶ್ವದವು ಬೈಚೋಜನವು. ಒಂದೇ ಗೋಡೆಯ ಸಾಲಿನಲ್ಲಿ ಇಬ್ಬರ ಕೈಕೆಲಸವನ್ನು ಇಂದಿಗೂ ಬೇರೆಬೇರೆಯಾಗಿ ಗುರುತಿಸಬಹುದೆಂದರೆ, ಅದಕ್ಕೆ ಅವರು ವಿಗ್ರಹಗಳ ಅಡಿಯಲ್ಲಿ ಕೊರೆದಿಟ್ಟ ಹೆಸರುಗಳೇ ಕಾರಣ. ಕೀರ್ತಿಗಾಗಿ ಕೊರೆದರೋ, ಲೆಕ್ಕಕ್ಕಾಗಿ ಕೊರೆದರೋ, ಎರಡಕ್ಕೂ ಆಗಿಯೋ. ನನಗಂತೂ ಆ ಅಕ್ಷರಗಳನ್ನು ನೋಡಿದಾಗಲೆಲ್ಲ, ಇದು ನನ್ನ ಕೈಯ ಕೆಲಸ, ಇಲ್ಲಿಂದ ಇಲ್ಲಿಯವರೆಗೆ ಎಂದು ಒಬ್ಬ ಕೆಲಸಗಾರ ನೇರವಾಗಿ ನಿಂತು ಹೇಳುವ ಹಾಗೆ ಕೇಳಿಸುತ್ತದೆ. ನೀನು ದಿನದಿನದ ಲೆಕ್ಕವನ್ನು ಬರೆದಿಡುತ್ತೀಯಾ?

ಕಿರಿಯಳು: ಬರೆದಿಡುತ್ತೇನೆ. ಎಷ್ಟು ಗಂಟೆಗೆ ಹೋದೆ, ಏನೇನು ಚಿತ್ರಿಸಿದೆ, ಯಾರು ಜೊತೆಗಿದ್ದರು, ಬಸ್ಸಿಗೆ ಎಷ್ಟಾಯಿತು, ಎಲ್ಲವೂ ಇದೆ. ಅವರಿಗೆ ಮಾತ್ರ ಒಮ್ಮೆಯೂ ತೋರಿಸಿಲ್ಲ.

ಹಿರಿಯರು: ತೋರಿಸದೆ ಇಟ್ಟುಕೊಂಡ ಲೆಕ್ಕವನ್ನು ಹದಿನಾಲ್ಕು ತಿಂಗಳಾದ ಮೇಲೆ ಒಟ್ಟಿಗೆ ಮುಂದಿಟ್ಟರೆ, ನೋಡಿದವರಿಗೆ ಅದು ಲೆಕ್ಕದಂತೆ ಕಾಣದೆ ಆರೋಪಪಟ್ಟಿಯಂತೆ ಕಾಣುತ್ತದೆ. ಮಳೆಯಲ್ಲಿ ನೆನೆದುಕೊಂಡು ನೀನು ಕ್ಯಾಮೆರಾ ಹಿಡಿದದ್ದನ್ನು ಅವರು ಕಣ್ಣಾರೆ ಕಂಡ ವಾರದಲ್ಲಿ ಬಿಲ್ಲು ಹೋಗಿದ್ದರೆ, ಆ ಮಳೆಯೇ ನಿನ್ನ ಪರವಾಗಿ ಸಾಕ್ಷಿ ಹೇಳುತ್ತಿತ್ತು. ಈಗ ಅದನ್ನು ನೆನೆಯುವವರು ಯಾರು?

ಕಿರಿಯಳು: ಬೇಗ ಬರೆದರೂ ಒಂದು ತೊಡಕಿದೆ. ನನ್ನ ವರಮಾನ ಇನ್ನೂ ವರ್ಷಕ್ಕೆ 20 ಲಕ್ಷ ಮುಟ್ಟಿಲ್ಲವಾಗಿ ಜಿ.ಎಸ್.ಟಿ. ನೋಂದಣಿ ನನಗೆ ಕಡ್ಡಾಯವಲ್ಲ. ಮುಟ್ಟಿದವರು ಬಿಲ್ಲು ಬರೆದರೆಂದರೆ, ಹಣ ಬಂದಿರಲಿ ಬಾರದಿರಲಿ, ಅದರ ಶೇಕಡಾ 18ರ ತೆರಿಗೆಯನ್ನು ಮುಂದಿನ ತಿಂಗಳು ಕೈಯಿಂದ ಕಟ್ಟಬೇಕು. ಮೂರು ತಿಂಗಳಿಗೆ ಮೀರಿ, ಕಂತುಗಳ ಕರಾರಿನ ಮೇಲೆ ನಡೆಯುವ ಸೇವೆಗೆ ಅಲ್ಲಿ ಬೇರೆ ನಿಯಮವೇ ಇದೆ: ಕರಾರಿನಲ್ಲಿ ಪಾವತಿಯ ದಿನ ಗೊತ್ತಿದ್ದರೆ ಆ ದಿನದೊಳಗೆ ಬಿಲ್ಲು, ಕೆಲಸದ ಒಂದು ಘಟ್ಟಕ್ಕೆ ಕಟ್ಟಿದ್ದರೆ ಆ ಘಟ್ಟ ಮುಗಿಯುವ ದಿನದೊಳಗೆ.

ಹಿರಿಯರು: ಅಂದರೆ ಕಾನೂನೂ ಕರಾರಿನತ್ತಲೇ ಬೆರಳು ತೋರಿಸುತ್ತದೆ. ಅದು ನಿನ್ನ ಆಡಿಟರ ಕ್ಷೇತ್ರ. ಅವರನ್ನು ಕೇಳಿಕೊಂಡು ಮಾಡು. ನನಗೆ ಇನ್ನೊಂದು ಚಿಂತೆ. ಚಿತ್ರದ ಮೂಲ ಪ್ರತಿಯನ್ನೂ ಅವರಿಗೆ ಕೊಟ್ಟಾಯಿತೇ?

ಕಿರಿಯಳು: ಇಲ್ಲ. ಕಳುಹಿಸಿದ ಪ್ರತಿಯ ಮೇಲೆ ನನ್ನ ವಾಟರ್‌ಮಾರ್ಕ್ ಇದೆ; ಹಾರ್ಡ್ ಡಿಸ್ಕ್ ನನ್ನ ಹತ್ತಿರವೇ ಇದೆ. ಆದರೆ ಅದನ್ನು ಹಿಡಿದುಕೊಂಡು ಹೆದರಿಸುವುದು ನನಗೆ ಬೇಡ. ಬೇರೆ ಕರಾರಿಲ್ಲದಿದ್ದರೆ, ಹಣ ಕೊಟ್ಟು ಮಾಡಿಸಿದವರೇ ಚಿತ್ರದ ಮೊದಲ ಹಕ್ಕುದಾರರೆಂದು 1957ರ ಕೃತಿಸ್ವಾಮ್ಯದ ಕಾಯಿದೆ ಹೇಳುತ್ತದೆ. ಅದರಲ್ಲಿರುವ ಮುಖಗಳೂ ಅವರವೇ. ನಿವೃತ್ತರಾದ ಇಬ್ಬರು ಉಪಾಧ್ಯಾಯರು ಚಿತ್ರೀಕರಣವಾದ ಮೇಲೆ ತೀರಿಕೊಂಡರು.

ಹಿರಿಯರು: ಹೆದರಿಸಬೇಡ. ಆ ಇಬ್ಬರು ಉಪಾಧ್ಯಾಯರ ಮನೆಯವರಿಗೆ ಅವರವರ ಭಾಗವನ್ನು ಈಗಲೇ ಕಳುಹಿಸಿಬಿಡು, ಹಣದ ಮಾತು ಏನೇ ಇರಲಿ. ಈಗ ಕಾಗದ ತೆಗೆದುಕೊ. ಚಿತ್ರ ಮುಗಿದಿಲ್ಲವೆಂದು ನೀನು ಹೇಳಿದೆಯಲ್ಲ, ಅದರಲ್ಲಿ ಮಾಡಬೇಕಾದದ್ದು ಏನು ಉಳಿದಿದೆ?

ಕಿರಿಯಳು: ಏನೂ ಇಲ್ಲ. ಅವರು ಬರೆದು ಕಳುಹಿಸಿದ್ದ ತಿದ್ದುಪಡಿಗಳೆಲ್ಲ ಆಗಿವೆ. ಅಲ್ಲಿಂದೀಚೆಗೆ ಹೊಸದೇನೂ ಬಂದಿಲ್ಲ. ಉಳಿದಿರುವುದು ಬಿಡುಗಡೆ ಒಂದೇ.

ಹಿರಿಯರು: ಬಿಡುಗಡೆ ಅವರ ಸಮಾರಂಭ, ಚಿತ್ರ ನಿನ್ನ ಕೆಲಸ. ನಿನ್ನ ಕೆಲಸ ಯುಗಾದಿಗೆ ಹಿಂದಿನ ವಾರವೇ ಮುಗಿಯಿತು. ಐದು ತಿಂಗಳಿಂದ ಎರಡನ್ನೂ ಒಂದೇ ಎಂದು ತಿಳಿದು ಕುಳಿತಿದ್ದೀಯೆ.

ಕಿರಿಯಳು: ಹೌದು. ಇಷ್ಟು ಸರಳವಾದದ್ದು ನನಗೆ ಹೊಳೆಯಲೇ ಇಲ್ಲ. ಹಾಗಾದರೆ 1,40,000 ಪೂರ್ತಿಯಾಗಿ ಬರೆಯಲೇ?

ಹಿರಿಯರು: ಪೂರ್ತಿಯಾಗಿ ಬರೆ. ಮೂರನೆಯ ಪ್ರತಿಯನ್ನು ಕಳುಹಿಸಿದ ತಾರೀಖನ್ನು ಮೊದಲ ಸಾಲಿನಲ್ಲೇ ಹಾಕು. ಹೆಚ್ಚಾದ ಏಳು ದಿನಗಳಿಗೆ ಏನು ಮಾಡುತ್ತೀ?

ಕಿರಿಯಳು: ಆಗ ನಾನು ಬಾಯಿ ಬಿಡಲಿಲ್ಲ, ಈಗ ಕೇಳುವುದು ಸರಿಯಲ್ಲ. ಆದರೆ ಆ ಏಳು ದಿನವನ್ನೂ ತಾರೀಖಿನೊಡನೆ ಬರೆದು, ಎದುರಿಗೆ ಶುಲ್ಕವಿಲ್ಲ ಎಂದು ನಮೂದಿಸುತ್ತೇನೆ. ಮಾಡಿದ್ದು ಅವರಿಗೆ ತಿಳಿದಿರಲಿ.

ಹಿರಿಯರು: ಒಳ್ಳೆಯದು. ಸ್ಪೀಡ್ ಪೋಸ್ಟಿನಲ್ಲೂ ಕಳುಹಿಸು, ಇಮೇಲಿನಲ್ಲೂ ಕಳುಹಿಸು. ಮುಖ್ಯೋಪಾಧ್ಯಾಯರ ತಾಯಿಗೆ ಬೇರೆಯಾಗಿ ಒಂದು ಫೋನು ಮಾಡಿ ಕ್ಷೇಮ ವಿಚಾರಿಸು. ಅದರಲ್ಲಿ ಹಣದ ಮಾತು ಬೇಡ. ರಾತ್ರಿ ಇಲ್ಲೇ ಉಳಿಯುತ್ತೀಯಾ?

ಕಿರಿಯಳು: ಉಳಿದು, ಬೆಳಗಿನ ಮೊದಲ ಬಸ್ಸಿಗೆ ಚನ್ನರಾಯಪಟ್ಟಣಕ್ಕೆ ಹೋಗುತ್ತೇನೆ. ದೇವಸ್ಥಾನದವರ ಜೊತೆ ತಾರೀಖು ಗೊತ್ತುಮಾಡಬೇಕು. ದೊಡ್ಡಪ್ಪ, ಈ ಹನ್ನೊಂದರಲ್ಲಿ ಆ ದಾರಿಯ ಊರಿನದು ಯಾವುದಾದರೂ ಇದೆಯೇ?

ಹಿರಿಯರು: ಮೇಲಿನಿಂದ ಮೂರನೆಯದು. ಮದುಮಗಳ ತಮ್ಮ ಬಸ್ ನಿಲ್ದಾಣದ ಹತ್ತಿರ ಅಂಗಡಿಯಿಟ್ಟಿದ್ದಾನೆಂದು ಕೇಳಿದ್ದೇನೆ. ಬಟ್ಟೆಯ ಸಮೇತ ತೆಗೆದುಕೊಂಡು ಹೋಗಿ ಕೊಡು. ಆದರೆ ಮೊದಲ ಪುಟದೊಳಗೆ ನನ್ನ ಹಳೆಯ ಬಿಲ್ಲು ಇದೆ. ಅದನ್ನು ಇಲ್ಲೇ ತೆಗೆದಿಟ್ಟುಬಿಡು.